ಕಳ್ಳಾಟಕ್ಕೆ ಆಟಗಾರರದೇ ಪಂಚಾಯಿತಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಹಳ್ಳಿಗಳಲ್ಲಿ ಗೋಲಿ, ಚಿನ್ನಿದಾಂಡು ಆಡಿ ಬೆಳೆದವರಿಗೆ ಅಂಪೈರ್ ಎಂಬ ಪ್ರಾಣಿಯ ಪರಿಚಯವಿರಲಿಲ್ಲ. ಯಾರಾದರೂ ಗೋಲಿಯನ್ನು ಕಾಲಿನಿಂದ ಮೆಲ್ಲಗೆ ಸರಿಸಿದರೆ ತೀರ್ಪು ಹೇಳುತ್ತಿದ್ದವರು ಸುತ್ತ ನಿಂತ ಆಟಗಾರರೇ. ಆ ನ್ಯಾಯಕ್ಕೊಂದು ಊನವೂ ಇತ್ತು. ಸರಿಸಿದವನು ಪಟೇಲರ ಮಗನಾಗಿದ್ದರೆ ಯಾರೂ ನೋಡಿಯೇ ಇರುತ್ತಿರಲಿಲ್ಲ!

ಇದೇ ಪದ್ಧತಿ 2013ರಲ್ಲಿ, ಈ ಊನವನ್ನು ಕಳೆದುಕೊಂಡು, ‘ಕೌಂಟರ್ ಸ್ಟ್ರೈಕ್’ ಎಂಬ ಬಂದೂಕಿನ ಕಂಪ್ಯೂಟರ್ ಆಟಕ್ಕೆ ಬಂದಿತು. ಐವರ ಎರಡು ತಂಡಗಳು ಅಂತರ್ಜಾಲದ ಮೂಲಕ ಸೆಣಸುವ ಆಟವಿದು. ಮೊದಲ ರೂಪ ಹೊರಬಂದದ್ದು 1999ರಲ್ಲಿ. ಆಟದ ಹಿಂದೆಯೇ ಮೋಸವೂ ಬಂತು: ಗೋಡೆಯಾಚೆಯ ವೈರಿಯನ್ನು ತೋರಿಸುವ, ಗುರಿಯನ್ನು ತಾನೇ ಹಿಡಿದುಕೊಡುವ ಕಳ್ಳ ತಂತ್ರಾಂಶಗಳು. ಅವನ್ನು ಹುಡುಕಲು ವಾಲ್ವ್ ಕಂಪನಿ 2002ರಲ್ಲೇ ಯಂತ್ರದ ಕಾವಲು ಇಟ್ಟಿತ್ತು. ಆದರೆ ಆ ಕಾವಲುಗಾರ ಹಿಡಿಯುತ್ತಿದ್ದುದು ತಾನು ಬಲ್ಲ ಕಳ್ಳರನ್ನು ಮಾತ್ರ. ಬಂದೂಕಿನ ಮೂತಿ ಗೋಡೆಯಾಚೆ ನಡೆಯುತ್ತಿರುವವನನ್ನೇ ಹಿಂಬಾಲಿಸುತ್ತಿದೆ ಎಂಬುದು ಪಳಗಿದ ಆಟಗಾರನ ಕಣ್ಣಿಗಷ್ಟೇ ಬೀಳುವ ಸಂಗತಿ.

ಆ ಕಣ್ಣನ್ನೇ ಬಳಸಿಕೊಳ್ಳುವ ವ್ಯವಸ್ಥೆಗೆ ‘ಓವರ್‌ವಾಚ್’ ಎಂದು ಹೆಸರಿಟ್ಟರು. ಹಲವು ಪಂದ್ಯ ಗೆದ್ದ, ತಮ್ಮ ಮೇಲೆ ಹೆಚ್ಚು ದೂರಿಲ್ಲದ ಆಟಗಾರರೇ ಪಂಚರು. ದೂರಿಗೆ ಗುರಿಯಾದವನ ಆಟದ ಎಂಟು ಸುತ್ತುಗಳ ದೃಶ್ಯ ಅವರಿಗೆ ಸಿಗುತ್ತಿತ್ತು. ಅವನ ಹೆಸರಾಗಲಿ, ಆಡಿದ ಮಾತಾಗಲಿ ಸಿಗುತ್ತಿರಲಿಲ್ಲ. ಪರದೆಯ ಮೇಲೆ ಅವನು ಬರೀ ‘ಶಂಕಿತ’. ಸಂಶಯಕ್ಕೆ ಎಡೆಯಿಲ್ಲದಂತೆ ಮೋಸ ಕಾಣುತ್ತದೆಯೇ, ಸಾಕ್ಷ್ಯ ಸಾಲದೇ? ನ್ಯಾಯಾಲಯದ ಭಾಷೆಯಲ್ಲಿಯೇ ಉತ್ತರಿಸಬೇಕು. ಹಲವರ ತೀರ್ಪು ಕೂಡಿಬಂದರೆ ಮಾತ್ರ ಶಿಕ್ಷೆ.

ಹೆಸರು ಮರೆಮಾಡಿದ್ದು ಸಣ್ಣ ವಿಷಯವಲ್ಲ. 1959ರ ನಾನಾವತಿ ಪ್ರಕರಣದಲ್ಲಿ ಮುಂಬಯಿಯ ಜ್ಯೂರಿಯ ಒಂಬತ್ತರಲ್ಲಿ ಎಂಟು ಮಂದಿ ಆ ನೌಕಾಧಿಕಾರಿಯನ್ನು ನಿರ್ದೋಷಿ ಎಂದರು. ಹೈಕೋರ್ಟು ಅದನ್ನು ತಳ್ಳಿಹಾಕಿ ಜೀವಾವಧಿ ಶಿಕ್ಷೆ ವಿಧಿಸಿತು. ಆರೋಪಿ ಯಾರೆಂದು ಊರಿಗೆಲ್ಲ ಗೊತ್ತಿತ್ತು, ಪತ್ರಿಕೆಗಳೂ ಸುಮ್ಮನಿರಲಿಲ್ಲ. ನಮ್ಮ ಬೆಂಗಳೂರಿನ ಉದಾಹರಣೆಯನ್ನೇ ನೋಡಿ. 2021ರ ಜೂನ್‌ನಲ್ಲಿ ಕೋವಿಡ್ ನೆರವಿಗಾಗಿ ನಡೆದ ಆನ್‌ಲೈನ್ ಚದುರಂಗದಲ್ಲಿ ಉದ್ಯಮಿ ನಿಖಿಲ್ ಕಾಮತ್ ವಿಶ್ವನಾಥನ್ ಆನಂದ್ ಅವರನ್ನು ಸೋಲಿಸಿದರು. ಕಂಪ್ಯೂಟರ್ ಮತ್ತು ಇತರರ ನೆರವು ಪಡೆದದ್ದನ್ನು ಮರುದಿನ ಅವರೇ ಒಪ್ಪಿಕೊಂಡರು. ಮುಚ್ಚಲಾಗಿದ್ದ ಖಾತೆಯನ್ನು ಜಾಲತಾಣ ಮತ್ತೆ ತೆರೆಯಿತು. ಹೆಸರಿಲ್ಲದ ‘ಶಂಕಿತ’ನಿಗೆ ಇಷ್ಟು ಬೇಗ ಕ್ಷಮೆ ಸಿಗುತ್ತಿತ್ತೇ, ಅನುಮಾನ.

ಓವರ್‌ವಾಚ್ ಕೂಡ ದೋಷರಹಿತವಲ್ಲ. ಆರೋಪಿಯನ್ನು ಕರೆದು ಕೇಳುವ ಪದ್ಧತಿ ಅಲ್ಲಿರಲಿಲ್ಲ. ನಮ್ಮ ಅರಳಿಕಟ್ಟೆಯಲ್ಲಾದರೂ ಕಳ್ಳನಿಗೆ ಒಂದು ಮಾತು ಆಡಲು ಬಿಡುತ್ತಿದ್ದರು.

ಇನ್ನು ಪಂಚರ ಗತಿ. ಅವರು ಕೊಟ್ಟ ತೀರ್ಪುಗಳನ್ನೇ ಪಾಠವಾಗಿಟ್ಟು ವಾಲ್ವ್ ‘ವ್ಯಾಕ್‌ನೆಟ್’ ಎಂಬ ಕಲಿಯುವ ಯಂತ್ರವನ್ನು ತಯಾರಿಸಿತು. ಕಂಪನಿಯ ಜಾನ್ ಮೆಕ್‌ಡೊನಾಲ್ಡ್ 2018ರಲ್ಲಿ ಲೆಕ್ಕ ಹೇಳಿದರು: ಆಟಗಾರರ ದೂರಿನಿಂದ ಬಂದ ಪ್ರಕರಣಗಳಲ್ಲಿ ಶೇ. 15ರಿಂದ 30ರಷ್ಟು ಮಾತ್ರ ಸಾಬೀತಾಗುತ್ತಿದ್ದವು. ಯಂತ್ರ ಕಳಿಸಿದವುಗಳಲ್ಲಿ ಶೇ. 80ರಿಂದ 95. ಅಂದರೆ ಸೋತ ಸಿಟ್ಟಿಗೆ ದೂರು ಕೊಟ್ಟವರೇ ಹೆಚ್ಚು! 2023ರಲ್ಲಿ ‘ಕೌಂಟರ್ ಸ್ಟ್ರೈಕ್ 2’ ಬಂದಾಗ ಸಾಮಾನ್ಯ ಆಟಗಾರರ ಈ ಪಂಚಾಯಿತಿ ಅದರಲ್ಲಿ ಇರಲಿಲ್ಲ.