ಮೈಸೂರಿನ ಯೋಗಶಾಲೆ ಮತ್ತು ಮೈ ಚಾಚುವ ನಿತ್ಯಾಭ್ಯಾಸ

ನಿದ್ದೆಯಿಂದ ಎದ್ದೊಡನೆ ಕೈಗಳನ್ನು ಮೇಲೆತ್ತಿ ಬೆನ್ನನ್ನು ಹಿಗ್ಗಿಸುವ ಕ್ರಿಯೆಗೆ ಕನ್ನಡದಲ್ಲಿ ಮೈಮುರಿಯುವುದು ಎನ್ನುತ್ತಾರೆ. ಅದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಆದರೆ ಅಂಗಾಂಗಗಳನ್ನು ಗೊತ್ತಾದ ಹೊತ್ತಿನಲ್ಲಿ, ಗೊತ್ತಾದ ಕ್ರಮದಲ್ಲಿ, ಉಸಿರಿನ ಲೆಕ್ಕಕ್ಕೆ ಹೊಂದಿಸಿ ದಿನವೂ ಚಾಚುವ ಪದ್ಧತಿಗೆ ಗುರುಗಳು, ಶಾಲೆಗಳು, ಪೋಷಕರು ಬೇಕಾದರು. ಇಂದು ಜಗತ್ತಿನ ಅನೇಕ ಊರುಗಳಲ್ಲಿ ನಡೆಯುತ್ತಿರುವ ಅಂಥ ಅಭ್ಯಾಸದ ಮೂಲವನ್ನು ಅರಸಿದರೆ ದಾರಿ 1930ರ ದಶಕದ ಮೈಸೂರಿಗೆ ಬಂದು ಮುಟ್ಟುತ್ತದೆ.

ಕನ್ನಡ ನಾಡಿನಲ್ಲಿ ಅಂಗಸಾಧನೆ ಅದಕ್ಕಿಂತ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಮಲ್ಲವಿನೋದ ಎಂಬ ಭಾಗವು ಜಟ್ಟಿಗಳ ದಿನಚರಿಯನ್ನು ವಿವರಿಸುತ್ತ, ತೂಕ ಹೊರುವ ಭಾರಶ್ರಮ, ನಡೆದು ದಣಿಯುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ಕಂಬವನ್ನು ಹಿಡಿದು ಮಾಡುವ ಸ್ತಂಭಶ್ರಮ ಮುಂತಾದ ಸಾಧನೆಗಳನ್ನು ಹೆಸರಿಸುತ್ತದೆ. ಗರಡಿಮನೆಗಳ ಸಾಮು ಇದೇ ಬಗೆಯ ಪರಂಪರೆಗೆ ಸೇರಿದ್ದು. ಸಾಮು ಎಂದರೆ ಪೈಲ್ವಾನರ ಕಸರತ್ತು. ಅದರಲ್ಲಿ ದಂಡ ಹೊಡೆಯುವಾಗ ಅಂಗೈ ಮತ್ತು ಕಾಲ್ಬೆರಳುಗಳ ಮೇಲೆ ಮೈಭಾರ ಹೊತ್ತು, ಎದೆಯನ್ನು ನೆಲಕ್ಕೆ ಸವರುವಂತೆ ಇಳಿಸಿ, ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ ತಲೆಯೆತ್ತಬೇಕು. ಇಂದಿನ ಸೂರ್ಯನಮಸ್ಕಾರವನ್ನು ಬಲ್ಲವರಿಗೆ ಈ ಚಲನೆ ಅಪರಿಚಿತವೆನಿಸದು.

ಹಠಯೋಗದ ಗ್ರಂಥಗಳಲ್ಲಿ ಮೊದಮೊದಲು ಆಸನಗಳ ಸಂಖ್ಯೆ ಚಿಕ್ಕದಾಗಿತ್ತು. 15ನೆಯ ಶತಮಾನದ್ದೆನ್ನಲಾದ ಸ್ವಾತ್ಮಾರಾಮನ ‘ಹಠಯೋಗಪ್ರದೀಪಿಕೆ’ ವಿವರಿಸುವುದು 15 ಆಸನಗಳನ್ನು ಮಾತ್ರ, ಅವುಗಳಲ್ಲಿ ಹಲವು ಕುಳಿತು ಧ್ಯಾನಿಸುವ ಭಂಗಿಗಳು. ಆದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 19ನೆಯ ಶತಮಾನದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಎಂಬ ಬೃಹತ್ ಸಚಿತ್ರ ಸಂಕಲನದಲ್ಲಿ, ಜುಟ್ಟು ಕಟ್ಟಿ ಲಂಗೋಟಿ ಉಟ್ಟ ಸಾಧಕನ 122 ಆಸನಗಳ ಚಿತ್ರಗಳಿವೆ. ಅವನು ಕೈಗಳ ಮೇಲೆ ನಿಲ್ಲುತ್ತಾನೆ, ಕಾಲನ್ನು ಕತ್ತಿನ ಹಿಂದಕ್ಕೆ ಒಯ್ಯುತ್ತಾನೆ, ಹಗ್ಗವನ್ನು ಹಿಡಿದು ಕಸರತ್ತು ಮಾಡುತ್ತಾನೆ. ಈ ಚಿತ್ರಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದ ನಾರ್ಮನ್ ಶೋಮನ್ ಅವರು ಯೋಗ, ಮಲ್ಲವಿದ್ಯೆ ಮತ್ತು ಅರಮನೆಯ ವ್ಯಾಯಾಮ ಇಲ್ಲಿ ಬೆರೆತಿವೆಯೆಂದು ವಾದಿಸಿದ್ದಾರೆ. ಈ ಬೆರಕೆಯನ್ನು ಕುಂದೆಂದು ಕಾಣುವ ಕಾರಣವಿಲ್ಲ. ಗರಡಿಯ ಬೆವರು ಮತ್ತು ಯೋಗಿಯ ಉಸಿರು ಒಂದೇ ಅಂಗಳದಲ್ಲಿ ಸೇರಿದ್ದೇ ಮೈಸೂರಿನ ಹೆಗ್ಗಳಿಕೆ.

ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಲು ನೆರವಾದದ್ದು 1933ರಲ್ಲಿ. ಮರುವರ್ಷವೇ ಅವರ ‘ಯೋಗಮಕರಂದ’ ಕನ್ನಡದಲ್ಲಿ ಹೊರಬಂದಿತು. 1941ರ ‘ಯೋಗಾಸನಗಳು’ ಪುಸ್ತಕದಲ್ಲಿ ಆಸನಗಳನ್ನು ಅಭ್ಯಾಸಿಯ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ, ಒಂದೊಂದಕ್ಕೂ ಎಷ್ಟು ವಿನ್ಯಾಸಗಳೆಂದು ಪಟ್ಟಿ ಹಾಕಲಾಯಿತು. ವಿನ್ಯಾಸವೆಂದರೆ ಉಸಿರಿಗೆ ಜೋಡಿಸಿದ ಒಂದು ಹೆಜ್ಜೆ: ಎಷ್ಟನೆಯ ಹೆಜ್ಜೆಗೆ ಉಸಿರು ಒಳಕ್ಕೆ, ಎಷ್ಟನೆಯದಕ್ಕೆ ಹೊರಕ್ಕೆ ಎಂಬುದು ಮೊದಲೇ ಗೊತ್ತಾಗಿರುತ್ತದೆ.

ಉದಾಹರಣೆಗೆ ಪಶ್ಚಿಮತಾನವೆಂಬ ಆಸನವನ್ನೇ ನೋಡಬಹುದು. ‘ಪಶ್ಚಿಮ’ವೆಂದರೆ ಇಲ್ಲಿ ದೇಹದ ಹಿಂಬದಿ; ‘ತಾನ’ವು ಹಿಗ್ಗಿಸುವ ಅರ್ಥದ ಸಂಸ್ಕೃತ ಧಾತುವಿನಿಂದ ಬಂದ ಮಾತು. ಕಾಲು ನೀಡಿ ಕುಳಿತು, ಕಾಲ್ಬೆರಳನ್ನು ಹಿಡಿದು, ಉಸಿರು ಬಿಡುತ್ತ ಸೊಂಟದಿಂದ ಮುಂದಕ್ಕೆ ಬಾಗಿದಾಗ ಹಿಮ್ಮಡಿಯಿಂದ ಮೀನಖಂಡ, ತೊಡೆಯ ಹಿಂಭಾಗ, ಬೆನ್ನಿನುದ್ದಕ್ಕೂ ಸೆಳೆತ ಹಬ್ಬುತ್ತದೆ. ತಟ್ಟನೆ ಎಳೆದರೆ ಸ್ನಾಯುವಿನೊಳಗಿನ, ಸೆಳೆತವನ್ನು ಅಳೆಯುವ ನರತುದಿಗಳು ಅದನ್ನು ಕುಗ್ಗುವಂತೆ ಪ್ರಚೋದಿಸುತ್ತವೆ. ಮೆಲ್ಲಗೆ ಎಳೆದು ಕೆಲವು ಉಸಿರುಗಳ ಕಾಲ ನಿಂತರೆ ಬಿಗಿ ಸಡಿಲುತ್ತದೆ. ಮೊದಲ ವಾರಗಳಲ್ಲಿ ಹೆಚ್ಚುವುದು ಬಹುಮಟ್ಟಿಗೆ ಸೆಳೆತವನ್ನು ತಾಳುವ ಶಕ್ತಿಯೆಂದೂ, ಅಭ್ಯಾಸ ಬಿಟ್ಟರೆ ಗಳಿಸಿದ ಬಾಗುವಿಕೆ ಕ್ರಮೇಣ ಇಳಿಯುತ್ತದೆಂದೂ ಇಂದಿನ ಶರೀರವಿಜ್ಞಾನ ಹೇಳುತ್ತದೆ. ಬಗ್ಗಿ ಬಿಂದಿಗೆ ಎತ್ತುವುದು, ನೆಲದಲ್ಲಿ ಚಕ್ಕಂಬಕ್ಕಳ ಹಾಕಿ ಕೂತು ಏಳುವುದು, ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚುವುದು, ಇವೆಲ್ಲ ಕೀಲುಗಳ ಈ ಸಲೀಸನ್ನೇ ನೆಚ್ಚಿಕೊಂಡಿವೆ.

ಶಾಲೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹುಡುಗರಾದ್ದರಿಂದ ಅಲ್ಲಿನ ಪಾಠ ಬಿರುಸಾಗಿತ್ತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಬಾಲ್ಯದಲ್ಲಿ ಮಲೇರಿಯಾ, ಕ್ಷಯ, ಟೈಫಾಯಿಡ್‌ಗಳಿಂದ ನವೆದು, ಅಕ್ಕನ ಗಂಡನಾದ ಕೃಷ್ಣಮಾಚಾರ್ಯರ ಬಳಿಗೆ 1934ರಲ್ಲಿ ಬಂದ ಬಿ.ಕೆ.ಎಸ್. ಅಯ್ಯಂಗಾರ್ ಅವರಿಗೆ ಆ ಬಿರುಸು ಬಹಳ ಕಷ್ಟವಾಗಿದ್ದಿರಬೇಕು. ಅವರು 1937ರಲ್ಲಿ ಪುಣೆಗೆ ಹೋದ ಮೇಲೆ ರೂಪಿಸಿದ ಪದ್ಧತಿಯಲ್ಲಿ ಗೋಡೆಗೆ ಕಟ್ಟಿದ ಹಗ್ಗ, ಮರದ ಇಟ್ಟಿಗೆ, ಪಟ್ಟಿ, ಕುರ್ಚಿಗಳು ಸೇರಿದವು. ಬೆರಳು ಕಾಲಿಗೆ ಎಟುಕದವರು ಪಟ್ಟಿಯನ್ನು ಪಾದಕ್ಕೆ ಸುತ್ತಿ ಹಿಡಿದು ಪಶ್ಚಿಮತಾನ ಮಾಡಬಹುದಾಯಿತು. ಬಿಗಿಮೈಯವರಿಗೂ ಮುದುಕರಿಗೂ ರೋಗಿಗಳಿಗೂ ಈ ವಿದ್ಯೆಯನ್ನು ತೆರೆದಿಟ್ಟ ಅವರ ಉಪಕಾರ ದೊಡ್ಡದು.

ಅದೇ ಕಾಲದ ಬೆಂಗಳೂರಿನಲ್ಲಿ, ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಕನ್ನಡ ಓದುಗರಿಗೆ ಪರಿಚಿತರಾದ ಕೆ.ವಿ. ಅಯ್ಯರ್ ಅವರು ತಮ್ಮ ವ್ಯಾಯಾಮಶಾಲೆಯಲ್ಲಿ ಭಾರ ಎತ್ತುವುದರ ಜೊತೆಗೆ ಆಸನಗಳನ್ನೂ ಸೂರ್ಯನಮಸ್ಕಾರವನ್ನೂ ಕಲಿಸುತ್ತಿದ್ದರು.

ಮೈಸೂರು ಸಂಸ್ಥಾನ ಭಾರತ ಒಕ್ಕೂಟದಲ್ಲಿ ಸೇರಿದ ಮೇಲೆ ಅರಮನೆಯ ಆಶ್ರಯ ಕುಂದಿ, 1950ರ ಸುಮಾರಿಗೆ ಯೋಗಶಾಲೆ ಮುಚ್ಚಿತು. ಕೃಷ್ಣಮಾಚಾರ್ಯರು ಮದರಾಸಿನಲ್ಲಿ ನೆಲೆಸಿದರು. ಮೈಸೂರಿನಲ್ಲೇ ಉಳಿದವರು ಅವರ ಶಿಷ್ಯರಾದ, ಹಾಸನದ ಬಳಿಯ ಕೌಶಿಕದ ಕೆ. ಪಟ್ಟಾಭಿ ಜೋಯಿಸರು. ಸಂಸ್ಕೃತ ಪಾಠಶಾಲೆಯಲ್ಲಿ ಯೋಗ ಕಲಿಸುತ್ತಿದ್ದ ಅವರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ತಮ್ಮದೇ ಸಂಸ್ಥೆಯನ್ನು ಆರಂಭಿಸಿ, ‘ಯೋಗಮಾಲಾ’ವನ್ನು ಕನ್ನಡದಲ್ಲೇ ಬರೆದರು. ಅವರು ಕಲಿಸಿದ ಕ್ರಮದಲ್ಲಿ ಎಲ್ಲರೂ ಒಟ್ಟಿಗೆ ಒಂದೇ ಆಸನ ಮಾಡುವುದಿಲ್ಲ. ಗೊತ್ತಾದ ಸರಣಿಯನ್ನು ಪ್ರತಿಯೊಬ್ಬರೂ ತಮ್ಮ ಉಸಿರಿನ ವೇಗದಲ್ಲಿ ಮಾಡಿ, ಗುರು ಕೊಟ್ಟ ಕಡೆಯ ಆಸನಕ್ಕೆ ನಿಲ್ಲಿಸುತ್ತಾರೆ. ಶನಿವಾರ, ಅಮಾವಾಸ್ಯೆ, ಹುಣ್ಣಿಮೆಗಳಂದು ಬಿಡುವು, ಉಳಿದ ದಿನ ಬೆಳಗಿನಲ್ಲೇ ಅಭ್ಯಾಸ. ಲಕ್ಷ್ಮೀಪುರಂನ ಆ ಕೋಣೆಯಲ್ಲಿ ಒಮ್ಮೆಗೆ ಹನ್ನೆರಡು ಮಂದಿಗೆ ಮಾತ್ರ ಜಾಗವಿದ್ದುದರಿಂದ, ದೂರದ ದೇಶಗಳಿಂದ ಬಂದವರೂ ಮೆಟ್ಟಿಲ ಮೇಲೆ ಕುಳಿತು ತಮ್ಮ ಸರದಿ ಕಾಯುತ್ತಿದ್ದರು.