ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಕೈಪಿಡಿ ಪುಟಗಳ ಸ್ಥಾಪನೆ: ಕಡತ, ಹಾದಿ, ಸೂಚಿ

ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಸಿದ್ಧಪಡಿಸಿದ ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿ 1971ರ ನವೆಂಬರ್ 3ರ ದಿನಾಂಕ ಹೊತ್ತಿದೆ. ಅದರಲ್ಲಿದ್ದ ವಿಭಾಗಗಳ ವಿಂಗಡಣೆಯೇ ಇಂದಿನ ಮ್ಯಾನ್ ಪುಟಗಳಿಗೂ ಅಡಿಪಾಯ. ಪುಟ ಡಿಸ್ಕಿನಲ್ಲಿದ್ದ ಮಾತ್ರಕ್ಕೆ ಓದುಗನಿಗೆ ಸಿಗುವುದಿಲ್ಲ. ಕಡತ, ಹಾದಿ, ಸೂಚಿ ಮೂರೂ ಹೊಂದಿಕೊಳ್ಳಬೇಕು ಎಂಬುದು ಈ ಲೇಖನದ ಪ್ರತಿಪಾದನೆ. ಡೆಬಿಯನ್ ಮತ್ತು ಅದರಲ್ಲಿ ಬಳಕೆಯಲ್ಲಿರುವ ಮ್ಯಾನ್-ಡಿಬಿ ತಂತ್ರಾಂಶವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲನೆಯದು ಕಡತ. ಕಮಾಂಡ್‌ಗಳ ಪುಟಗಳು ‘/ಯುಎಸ್‌ಆರ್/ಶೇರ್/ಮ್ಯಾನ್/ಮ್ಯಾನ್1’ ಫೋಲ್ಡರಿನಲ್ಲಿ, ಸಿ ಭಾಷೆಯ ಲೈಬ್ರರಿ ಫಂಕ್ಷನ್‌ಗಳ ಪುಟಗಳು ‘ಮ್ಯಾನ್3’ರಲ್ಲಿ ಇರುತ್ತವೆ. ‘ಮ್ಯಾನ್ ಪ್ರಿಂಟ್‌ಎಫ್’ ಎಂದು ಕೊಟ್ಟರೆ ಕಮಾಂಡಿನ ಪುಟ ಬರುತ್ತದೆ. ಫಂಕ್ಷನ್ನಿನ ಪುಟಕ್ಕೆ ‘ಮ್ಯಾನ್ 3 ಪ್ರಿಂಟ್‌ಎಫ್’ ಎನ್ನಬೇಕು. ಅದು ‘ಮ್ಯಾನ್‌ಪೇಜಸ್-ಡೆವ್’ ಪ್ಯಾಕೇಜಿನಲ್ಲಿದೆ. ಡಾಕರ್‌ಗಾಗಿ ತಯಾರಾಗುವ ಡೆಬಿಯನ್ ಸ್ಲಿಮ್ ಇಮೇಜುಗಳಲ್ಲಿ, ಜಾಗ ಉಳಿಸಲು, ಕೈಪಿಡಿ ಪುಟಗಳನ್ನು ಸ್ಥಾಪಿಸಬಾರದೆಂದು ಪ್ಯಾಕೇಜ್ ನಿರ್ವಾಹಕ ಡಿಪಿಕೆಜಿಗೆ ಮೊದಲೇ ನಿಯಮ ಹಾಕಿರುತ್ತಾರೆ. ನಿಯಮ ತೆಗೆದರೆ ಸಾಲದು, ಆಯಾ ಪ್ಯಾಕೇಜನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕು.

ಎರಡನೆಯದು ಹಾದಿ. ‘/ಇಟಿಸಿ/ಮ್ಯಾನ್‌ಪಾತ್.ಕಾನ್ಫಿಗ್’ ಕಡತ ಎಲ್ಲೆಲ್ಲಿ ಹುಡುಕಬೇಕೆಂದು ಹೇಳುತ್ತದೆ. ಸ್ವಂತ ಫೋಲ್ಡರನ್ನು ಸೇರಿಸಲು ಮ್ಯಾನ್‌ಪಾತ್ ವೇರಿಯಬಲ್ಲಿಗೆ ಬರೀ ಅದರ ಹೆಸರು ಕೊಟ್ಟರೆ ವ್ಯವಸ್ಥೆಯ ಹಾದಿ ಪೂರ್ತಿ ಕೈಬಿಟ್ಟುಹೋಗಿ, ಅದುವರೆಗೆ ಸಿಗುತ್ತಿದ್ದ ಪುಟಗಳೂ ಕಾಣದಾಗುತ್ತವೆ. ಹೆಸರಿನ ಕೊನೆಗೊಂದು ಕೋಲನ್ ಇಟ್ಟರೆ ಹೊಸ ಫೋಲ್ಡರನ್ನು ಮೊದಲು ನೋಡಿ, ಆಮೇಲೆ ಹಳೆಯ ಹಾದಿ ಹಿಡಿಯುತ್ತದೆ. ಎಷ್ಟೋ ಗೊಂದಲ ಈ ಒಂದು ಚಿಹ್ನೆಯಿಂದ ತಪ್ಪುತ್ತದೆ.

ಮೂರನೆಯದು ಸೂಚಿ. ಹೆಸರು ಗೊತ್ತಿದ್ದರೆ ಸೂಚಿಯಿಲ್ಲದೆಯೂ ಪುಟ ತೆರೆಯಬಹುದು. ವಿಷಯ ಹಿಡಿದು ಹುಡುಕುವ ‘ಅಪ್ರೊಪೊ’ ಮಾತ್ರ ಸೂಚಿಯನ್ನೇ ನಂಬಿದೆ. ಆದ್ದರಿಂದ ಕೈಯಾರೆ ಪುಟ ಸೇರಿಸಿದ ಮೇಲೆ ‘ಮ್ಯಾನ್‌ಡಿಬಿ’ ಕಮಾಂಡ್ ಓಡಿಸಬೇಕು. ಹೆಸರೇ ಗೊತ್ತಿಲ್ಲದ ಹೊಸಬರಿಗೆ ‘ಅಪ್ರೊಪೊ’ವೇ ಹೆಬ್ಬಾಗಿಲು.

ಈ ರಚನೆಯಲ್ಲಿ ಕನ್ನಡಕ್ಕೂ ಜಾಗವಿದೆ. ಮ್ಯಾನ್ ಫೋಲ್ಡರಿನೊಳಗೆ ‘ಕೆಎನ್’ ಎಂಬ ಉಪಫೋಲ್ಡರು, ಅದರೊಳಗೆ ವಿಭಾಗಗಳು ಇದ್ದರೆ, ಕನ್ನಡ ಲೊಕೇಲ್ ಆರಿಸಿಕೊಂಡವರಿಗೆ ಮೊದಲು ಕನ್ನಡದ ಪುಟ ಸಿಗುತ್ತದೆ, ಅದಿಲ್ಲದಿದ್ದರೆ ಇಂಗ್ಲಿಷಿನದು. ಇಡೀ ಕೈಪಿಡಿ ಮುಗಿಯುವವರೆಗೆ ಕಾಯಬೇಕಿಲ್ಲ, ಒಂದೊಂದೇ ಪುಟ ಸೇರಿಸುತ್ತ ಹೋಗಬಹುದು. ಕಂಪ್ಯೂಟರ್ ವಿಜ್ಞಾನ ಕಲಿಸುವ ನಮ್ಮ ಕಾಲೇಜುಗಳು ದಿನಬಳಕೆಯ ಕಮಾಂಡ್‌ಗಳಿಂದಲೇ ಈ ಕೆಲಸ ಆರಂಭಿಸಲಿ.