ಕುಷ್ಠಶಬ್ದವೂ ಗ್ರಂಥಶೋಧನೆಯೂ

ರೋಗವೊಂದರ ಚರಿತ್ರವನ್ನು ಬರೆಯಹೊರಟವನು ಮೊದಲು ಅದರ ಹೆಸರುಗಳ ಚರಿತ್ರವನ್ನು ಅರಿತಿರಬೇಕು. ಕುಷ್ಠವನ್ನೇ ನೋಡೋಣ. ‘ಕುಷ್’ ಧಾತುವಿನಿಂದ ನಿಷ್ಪನ್ನವಾದ ಈ ಶಬ್ದವು ಅಂಗವನ್ನು ಕಿತ್ತು ಕೆಡಿಸುವುದೆಂಬ ಅರ್ಥದ್ದು. ಚರಕಸಂಹಿತೆಯಲ್ಲಿ ಮಹಾಕುಷ್ಠಗಳು 7, ಕ್ಷುದ್ರಕುಷ್ಠಗಳು 11. ಗಜಕರ್ಣವೆನ್ನುವ ದದ್ರುವೂ ಈ 18ರಲ್ಲಿಯೇ ಅಡಕವಾಗಿದೆ. ಆದುದರಿಂದ ಪ್ರಾಚೀನರು ಕುಷ್ಠವೆಂದುದೆಲ್ಲವೂ ಇಂದಿನವರು ಆ ಹೆಸರಿನಿಂದ ಕರೆಯುವ ವ್ಯಾಧಿಯಲ್ಲ. ಇನ್ನು ಅಥರ್ವವೇದದ ಕುಷ್ಠವಾದರೋ ರೋಗವೇ ಅಲ್ಲ. ತಕ್ಮವೆಂಬ ಜ್ವರವನ್ನು ನೀಗುವ ಮೂಲಿಕೆ, ನಮ್ಮ ಗ್ರಂಧಿಗೆಯಂಗಡಿಗಳ ಚಂಗಲ್ವಕೋಷ್ಠ. ಶಬ್ದವೊಂದನ್ನೇ ನೆಚ್ಚಿ ಗ್ರಂಥಸೂಚಿಯಲ್ಲಿ ಹುಡುಕುವವನಿಗೆ ವ್ಯಾಧಿಯೂ ಔಷಧವೂ ಒಂದೇ ಪಂಕ್ತಿಯಲ್ಲಿ ಬಂದು ಕೂಡುವುವು!

ಐರೋಪ್ಯರ ಗೊಂದಲವೂ ಇದಕ್ಕಿಂತ ಕಡಮೆಯದಲ್ಲ. ಗ್ರೀಕ್ ವೈದ್ಯರ ‘ಲೆಪ್ರ’ವು ಹೊಟ್ಟೇಳುವ ಚರ್ಮರೋಗ, ಕುಷ್ಠಕ್ಕೆ ಅವರಿಟ್ಟ ಹೆಸರು ‘ಎಲಿಫೆಂಟಿಯಾಸಿಸ್’. ಅರಬ್ಬೀ ಗ್ರಂಥಗಳು ಲ್ಯಾಟಿನಿಗೆ ಪರಿವರ್ತಿತವಾದಾಗ ಮೊದಲಿನದು ಕುಷ್ಠಕ್ಕೂ ಎರಡನೆಯದು ಆನೆಕಾಲಿಗೂ ಸಂದುವು. 1847ರಲ್ಲಿ ನಾರ್ವೆಯ ಡ್ಯಾನಿಯೆಲ್ಸೆನ್, ಬೋಯೆಕ್ ಎಂಬವರು ಪ್ರಕಟಿಸಿದ ಪ್ರಸಿದ್ಧಗ್ರಂಥವು ‘ಸ್ಪೆಡಾಲ್‌ಸ್ಕ್‌ಹೆಡ್’ ಎಂಬ ಆ ದೇಶದ ನಾಮವನ್ನು ಹೊತ್ತಿದೆ. 1873ರಲ್ಲಿ ಬರ್ಗೆನ್ನಿನ ಹ್ಯಾನ್ಸೆನ್ ಪಂಡಿತನು ರೋಗಾಣುವನ್ನು ಕಂಡನು; ಕಾಲಕ್ರಮದಲ್ಲಿ ‘ಹ್ಯಾನ್ಸೆನ್ ವ್ಯಾಧಿ’ಯೆಂಬುದೂ ರೂಢಿಗೆ ಬಂದಿತು.

ಹೆಸರು ರೋಗದಲ್ಲಿ ನಿಲ್ಲದೆ ರೋಗಿಯ ಮೇಲೆ ಬಿದ್ದುದೇ ಶೋಚನೀಯ. ‘ಲೆಪರ್’ ಎಂದರೆ ಬಹಿಷ್ಕೃತನೆಂದೇ ಅರ್ಥವಾಯಿತು. ಭಾರತದ 1898ರ ಶಾಸನವು ಆ ಶಬ್ದವನ್ನೇ ಶಿರೋನಾಮೆಯಲ್ಲಿ ಧರಿಸಿ, ನಿರ್ಗತಿಕರಾದ ರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿ ಇರಿಸಲು ಅಧಿಕಾರವಿತ್ತಿತು. ಅದು ರದ್ದಾದುದು 2016ರಲ್ಲಿ. ಎಂದರೆ, 1948ರಲ್ಲಿ ಹವಾನಾ ನಗರದ ಅಂತರರಾಷ್ಟ್ರೀಯ ಸಮ್ಮೇಳನವು ಆ ಶಬ್ದವನ್ನು ತ್ಯಜಿಸಬೇಕೆಂದು ನಿರ್ಣಯಿಸಿದ 68 ವರ್ಷಗಳ ತರುವಾಯ.

ಇಂತಹ ಶಬ್ದಗಳನ್ನು ಹಳೆಯ ಸೂಚಿಗಳಿಂದಲೂ ಅಳಿಸಬೇಕೆಂಬ ವಾದವೊಂದುಂಟು. ಅದು ನಮಗೆ ಸಮ್ಮತವಲ್ಲ. ಮೂಲದ ಹೆಸರನ್ನು ತಿದ್ದಿದರೆ ಗ್ರಂಥವೇ ಕೈತಪ್ಪುವುದು. ಅದರೊಡನೆ ಆ ಜನಕ್ಕಾದ ಅನ್ಯಾಯದ ಸಾಕ್ಷ್ಯವೂ ಮರೆಯಾಗುವುದು. ಶೋಧಕನು ಮೇಲ್ಕಂಡ ನಾಮಗಳನ್ನೂ ಕನ್ನಡದ ‘ತೊನ್ನು’, ‘ದೊಡ್ಡರೋಗ’ಗಳನ್ನೂ ಬಿಡದೆ ಹುಡುಕಲಿ, ಸಿಕ್ಕಿದುದನ್ನು ಉದ್ಧರಣಚಿಹ್ನೆಗಳೊಳಗೆ ಇದ್ದಂತೆಯೇ ಇರಿಸಲಿ, ತನ್ನ ವಾಕ್ಯದಲ್ಲಿ ಮಾತ್ರ ‘ಕುಷ್ಠರೋಗಪೀಡಿತರು’ ಎಂದು ಬರೆಯಲಿ. ಅಮೆರಿಕದ ರಾಷ್ಟ್ರೀಯ ವೈದ್ಯಗ್ರಂಥಾಲಯದ ವಿಷಯಸೂಚಿಯಲ್ಲಿ ಹ್ಯಾನ್ಸೆನ್ ನಾಮವನ್ನು ಹಿಡಿದು ಹೋದವನಿಗೂ ‘ಲೆಪ್ರಸಿ’ ಎಂಬ ಶಿರೋನಾಮೆಗೆ ದಾರಿ ತೋರಿಸಿದೆ. ನಮ್ಮ ವೈದ್ಯಗ್ರಂಥಗಳ ಹಸ್ತಪ್ರತಿಸೂಚಿಗಳಿಗೂ ಇಂತಹ ಪರಸ್ಪರ ನಿರ್ದೇಶಗಳು ಬೇಕು. ‘ತೊನ್ನು’ ಎಂದಿರುವಲ್ಲಿ ವಿವಕ್ಷಿತವಾದುದು ಚರ್ಮವು ಬೆಳ್ಳಗಾಗುವ ಶ್ವಿತ್ರವೋ ಕುಷ್ಠವೋ ಎಂಬುದನ್ನು ಸಂಪಾದಕರು ಪ್ರತಿಯೊಂದೆಡೆಯಲ್ಲಿಯೂ ಪ್ರಕರಣವನ್ನು ನೋಡಿಯೇ ನಿರ್ಣಯಿಸತಕ್ಕದ್ದು.